ಬಂದ ನೀರಿಗೇ ವಾಪಸ್

ಆರು ಸಾವಿರ ಲೀಟರಿನ ನೀಲಿ ಟ್ಯಾಂಕರು,
ಸ್ಟೇರಿಂಗಿನಲ್ಲಿ ಮುನಿಯಲ್ಲಪ್ಪ,
ಹಿಂದೆ ಏಣಿಗೆ ಜೋತುಬಿದ್ದ ನಾನು.
ಆ ಬೇಸಿಗೆ ಬೆಂಗಳೂರಲ್ಲಿ ದೇವರಿಗೂ ನೀರಿಲ್ಲ.
ಲೋಕದ ಧರ್ಮಗಳನ್ನೆಲ್ಲ ನಾನು ಕಲಿತದ್ದು
ಪೈಪಿನ ಈ ತುದಿ ಹಿಡಿದು.

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು.
ಪುಸ್ತಕದಲ್ಲಿ ಧರ್ಮಕ್ಕೊಂದು ಚಿತ್ರ,
ಚಿತ್ರದ ಕೆಳಗೊಂದು ಇಸವಿ.
ಪರೀಕ್ಷೆಯಲ್ಲಿ ಅದಲುಬದಲಾಗಿ
ಬುದ್ಧನನ್ನು ಏಸುವಿನ ತಮ್ಮನಾಗಿಸಿ ಬಂದೆ.
ಮೇಷ್ಟ್ರು ಬೆತ್ತದಲ್ಲಿ ಬಾರಿಸಿ ತಿದ್ದಿದರು,
ಆ ಇಸವಿ ಇವತ್ತಿಗೂ ನೆನಪಿಲ್ಲ.

ಹೆಣ್ಣೂರಿನ ಚರ್ಚಿಗೆ ತಿಂಗಳಿಗೊಂದೇ ಲೋಡು.
ದೇವರ ಪಾಲು ಬಾಗಿಲ ಪಕ್ಕದ ಕಲ್ಲಬಟ್ಟಲಷ್ಟೇ,
ಉಳಿದದ್ದು ಫಾದರ್ ಮಿನೇಜಸರ ಡೇಲಿಯಾಕ್ಕೆ.
ಹಲಸೂರಿನ ಗುರುದ್ವಾರದಲ್ಲಿ
ತುಂಬಿದಷ್ಟೂ ತಟ್ಟೆ ತೊಳೆಯಲಿಕ್ಕೇ ಹೋಗುತ್ತಿತ್ತು.
"ಮೊದಲು ಊಟ, ಆಮೇಲೆ ಬಿಲ್ಲು" ಅಂದರು.
ಬಿಲ್ಲಿಗೆ ಸುಮ್ಮನೆ ಸೇರಿಸಿದ್ದ ಇನ್ನೂರು ರೂಪಾಯಿ
ನಾಲ್ಕನೇ ರೊಟ್ಟಿಯ ಹೊತ್ತಿಗೆ
ಮುನಿಯಲ್ಲಪ್ಪನೇ ಪೆನ್ನಿನಲ್ಲಿ ಹೊಡೆದುಹಾಕಿದ.

ಟ್ಯಾನರಿ ರೋಡಿನ ಹಳೇ ಮಸೀದಿ, ನಡುವೆ ಹೌಜು,
ಹೌಜಿನಲ್ಲಿ ಒಂದೇ ಕಣ್ಣಿನ ಮೀನು.
ಕೈ ಮೂರು ಸಲ, ಬಾಯಿ ಮೂರು ಸಲ,
ಮುಖ, ಮೊಣಕೈ, ಪಾದ.
ಎಣಿಸುತ್ತ ನಿಂತು ನಾನು ಪೈಪು ಮರೆತರೆ
ಜಮೀಲ್ ಸಾಬರು ಗದರುವರು:
"ಹೊಳೆ ದಂಡೇಲಿ ಕೂತವನೂ ಪೋಲು ಮಾಡಬಾರದಂತೆ,
ಇದು ಟ್ಯಾನರಿ ರೋಡು ಕಣಯ್ಯಾ."

ಇದೆಲ್ಲ ಸುಲಭದ ಪಾಠ.
ಚಿಕ್ಕಪೇಟೆಯದು ಕಷ್ಟದ್ದು.

ಗಲ್ಲಿಯೊಳಕ್ಕೆ ಟ್ಯಾಂಕರು ಹೋಗದು.
ಪೈಪಿಗೆ ಪೈಪು ಜೋಡಿಸಿ ಎಳೆದು
ಸುಗನಾಬಾಯಿಯ ಅಂಗಳ ಮುಟ್ಟಿದರೆ
ಪೈಪಿನ ಬಾಯಿಗೆ ಆಕೆ ದಪ್ಪ ಬಟ್ಟೆ ಕಟ್ಟುವಳು.
ಸೋಸಿದ ಮೇಲೆ ಬಟ್ಟೆ ಮಗುಚಿ
ಮೇಲೆ ನಿಂತದ್ದನ್ನು ಮೆಲ್ಲಗೆ ಚೊಂಬಿಗೆ ಜಾಲಾಡಿ
ನನ್ನ ಕೈಗೆ ಕೊಡುವಳು:
"ಬಾವೀಲೇ ಬಿಡು ಬೇಟಾ,
ಬೇರೆ ನೀರಲ್ಲಿ ಇವು ಬದುಕಲ್ಲ."

ಇಣುಕಿದೆ. ಏನೂ ಕಾಣಲಿಲ್ಲ.
ಮುನಿಯಲ್ಲಪ್ಪ ನಕ್ಕ ನಗೆಗೆ ಹಾರ್ನೇ ಹೊಡೆದುಬಿಟ್ಟಿತು.
ಆದರೂ ಕ್ಯಾಬಿನ್ನಿನಲ್ಲಿ, ತೊಡೆಗಳ ನಡುವೆ,
ಹೆಬ್ಬಾಳದ ಜಾಮಿನಲ್ಲಿ ಒಂದೂವರೆ ತಾಸು
ತುಳುಕದ ಹಾಗೆ ಹಿಡಿದು ಕೂತೆ
ಕಾಣದ ಪ್ರಯಾಣಿಕರ ಚೊಂಬನ್ನು.
ಬಾಗಲೂರಿನ ಬೋರಿಗೆ ಬಿಟ್ಟು ಬಂದೆ.
ಹಾಗೆ ಹನ್ನೊಂದು ಸಲ.

ಹನ್ನೆರಡನೇ ಸಲ ಬೋರು ಕೆಮ್ಮಿತು.
ಕೆಸರು, ಆಮೇಲೆ ಗಾಳಿ, ಆಮೇಲೆ ಗಾಳಿಯೂ ಇಲ್ಲ.
ಮಾಲೀಕ ಕೇಸಿಂಗ್ ಪೈಪಿಗೆ ಗೋಣಿ ಮುಚ್ಚಿ
ಅದರ ಮೇಲೊಂದು ಕಲ್ಲಿಟ್ಟ.
ಚೊಂಬು ನನ್ನ ಕೈಯಲ್ಲೇ ಉಳಿಯಿತು.

"ಚೆಲ್ಲೋ ಅತ್ಲಾಗೆ," ಅಂದ ಮುನಿಯಲ್ಲಪ್ಪ.
ಗೇರು ಹಾಕಲಿಲ್ಲ ಮಾತ್ರ.
ಸಂಜೆಯಾಗುತ್ತಿತ್ತು. ಯೋಚಿಸಿದೆ:
ಈ ಬೋರಿನ ಕೊನೇ ನೀರು
ನಿನ್ನೆ ನಾವು ಸುರಿದದ್ದೆಲ್ಲಿ?

ಟ್ಯಾನರಿ ರೋಡು. ಮಗ್ರಿಬಿನ ಹೊತ್ತು.
ಚಪ್ಪಲಿ ಬಿಟ್ಟು ಹೌಜಿನ ಅಂಚಿಗೆ ಕೂತು ಬಗ್ಗಿಸಿದೆ.
ಒಕ್ಕಣ್ಣ ಮೀನು ಈ ಕಡೆ ತಿರುಗಿತು,
ಅದರ ಹಸಿವಿನ ಬಗ್ಗೆ ಆಮೇಲೆ ಹೊಳೆಯಿತು ನನಗೆ.
"ಏನದು?" ಅಂದರು ಜಮೀಲ್ ಸಾಬರು, ಒದ್ದೆ ಗಡ್ಡ.
ಹೇಳಿದೆ. ಪೂರ್ತಿ ಹೇಳಿದೆ.
ಅವರು ಹೌಜನ್ನು ನೋಡಿದರು, ಚೊಂಬನ್ನು ನೋಡಿದರು,
ಎತ್ತಿದ್ದ ಬೊಗಸೆ ನೀರನ್ನು
ಒಂದು ಗಳಿಗೆ ಹಾಗೇ ಹಿಡಿದು ನಿಂತರು.

ಮಾರನೇ ವಾರ ಬೇರೆ ಬಾವಿಯ ನೀರು.
ಸುಗನಾಬಾಯಿ ಬಟ್ಟೆ ಕಟ್ಟುತ್ತ ಕೇಳಿದಳು:
"ಬಿಟ್ಟೆಯಾ ಮೊನ್ನೆ, ಬಂದ ನೀರಿಗೇ?"

"ಬಿಟ್ಟೆ ಅಮ್ಮಾ."

ಇದು ಸುಳ್ಳೋ ನಿಜವೋ
ಯಾವ ಮೇಷ್ಟ್ರನ್ನು ಕೇಳಲಿ?
ಪೈಪು ಬಿಗಿಹಿಡಿದೆ. ನೀರು ಬಂತು.